ಕೊಂಬೆ ಬಾಗಿಸಿ ಕಟ್ಟುವುದು: ಎಷ್ಟು, ಯಾವಾಗ, ಹೇಗೆ?

ಪ್ರಶ್ನೆ: ದೊಡ್ಡ ಕುಂಡದಲ್ಲಿರುವ ನನ್ನ ಎರಡು ವರ್ಷದ ಸೀಬೆ ಗಿಡ ಕವಲೊಡೆಯದೆ ನೆಟ್ಟಗೆ ಮೇಲಕ್ಕೇ ಹೋಗುತ್ತಿದೆ. ಕತ್ತರಿಸುವ ಬದಲು ಕೊಂಬೆಗಳನ್ನು ಬಾಗಿಸಿ ಕಟ್ಟಿದರೆ ಹೆಚ್ಚು ಚಿಗುರು, ಹೂವು ಬರುತ್ತವೆ ಎಂದು ಓದಿ ಪ್ರಯತ್ನಿಸಿದೆ. ಒಂದು ಕೊಂಬೆ ಬುಡದ ಸಂದಿನಲ್ಲೇ ಸೀಳಿತು. ಇನ್ನೊಂದನ್ನು ಕಮಾನಿನಂತೆ ಬಾಗಿಸಿ ತುದಿಯನ್ನು ಕುಂಡದ ಅಂಚಿಗೆ ಕಟ್ಟಿದೆ. ಅದರ ನಡುವಿನಿಂದ ಒಂದೇ ಒಂದು ದಪ್ಪ ಚಿಗುರು ನೆಟ್ಟಗೆ ಎದ್ದಿದೆ, ಉಳಿದ ಕಡೆ ಏನೂ ಬಂದಿಲ್ಲ. ಎಲ್ಲಿ ತಪ್ಪಿದೆ? ಎಷ್ಟು ಬಾಗಿಸಬೇಕು, ಎಷ್ಟು ಕಾಲ ಕಟ್ಟಿರಬೇಕು, ಯಾವ ಗಿಡಗಳಿಗೆ ಇದು ಹೊಂದುತ್ತದೆ?

ಉತ್ತರ: ನಿಮ್ಮ ಗಿಡದಲ್ಲಿ ಆಗಿರುವ ಎರಡು ಸಂಗತಿಗಳಲ್ಲಿ ಮೊದಲನೆಯದು ಕೈಕೆಲಸಕ್ಕೆ ಸಂಬಂಧಿಸಿದ್ದು, ಎರಡನೆಯದು ಗಿಡದ ಸ್ವಭಾವಕ್ಕೆ ಸಂಬಂಧಿಸಿದ್ದು. ಎರಡನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಅರ್ಥವಾದರೆ ಉಳಿದ ಪ್ರಶ್ನೆಗಳಲ್ಲಿ ಬಹುಪಾಲು ತಾವಾಗಿಯೇ ಬಗೆಹರಿಯುತ್ತವೆ. ಕಮಾನಿನಂತೆ ಬಾಗಿದ ಕೊಂಬೆಯಲ್ಲಿ ತುದಿ ಕೆಳಗೆ ಹೋಯಿತು, ಬೆನ್ನು ಮೇಲೆ ಬಂತು. ಆ ಬೆನ್ನಿನ ಮೇಲಿದ್ದ ಮೊಗ್ಗು (ಹೂವಿನದಲ್ಲ, ಚಿಗುರಾಗುವ ಮೊಗ್ಗು) ಇಡೀ ಕೊಂಬೆಯಲ್ಲಿ ಅತಿ ಎತ್ತರದ ಮೊಗ್ಗಾಯಿತು, ತುದಿ ಬಿಟ್ಟುಕೊಟ್ಟ ಮುಂದಾಳುತನವನ್ನು ಅದೇ ವಹಿಸಿಕೊಂಡಿತು. ಅಂದರೆ ಗಿಡ ನಿಯಮದಂತೆಯೇ ನಡೆದುಕೊಂಡಿದೆ. ಕೊಂಬೆ ಬಾಗಿಸುವವರು ತುದಿಯನ್ನು ಎಷ್ಟು ಕೆಳಕ್ಕೆ ಎಳೆದೆವು ಎಂದು ನೋಡುತ್ತಾರೆ. ನೋಡಬೇಕಾದದ್ದು, ಬಾಗಿಸಿದ ಮೇಲೆ ಯಾವ ಮೊಗ್ಗು ಎಲ್ಲಕ್ಕಿಂತ ಮೇಲೆ ಉಳಿಯಿತು ಎಂಬುದನ್ನು.

ನೆಟ್ಟಗೆ ಬೆಳೆಯುವ ಕೊಂಬೆಯ ತುದಿಯಲ್ಲಿ ಮತ್ತು ಅಲ್ಲಿನ ಎಳೆಯ ಎಲೆಗಳಲ್ಲಿ ಆಕ್ಸಿನ್ ಎಂಬ ಹಾರ್ಮೋನು ತಯಾರಾಗಿ ಕಾಂಡದುದ್ದಕ್ಕೂ ಕೆಳಮುಖವಾಗಿ ಹರಿಯುತ್ತದೆ. ಪ್ರತಿ ಎಲೆಯ ಬುಡದಲ್ಲೂ ಒಂದು ಮೊಗ್ಗು ಇರುತ್ತದಾದರೂ, ಈ ಹರಿವು ಇರುವವರೆಗೆ ಅವುಗಳಲ್ಲಿ ಹೆಚ್ಚಿನವು ಮಲಗಿಯೇ ಇರುತ್ತವೆ. 1933ರಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಒಂದು ಬಗೆಯ ಅವರೆ ಜಾತಿಯ ಗಿಡದ ಕುಡಿಯನ್ನು ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಆಕ್ಸಿನ್ ಹಚ್ಚಿದಾಗ ಪಕ್ಕದ ಮೊಗ್ಗುಗಳು ಕುಡಿ ಇದ್ದಾಗಿನಂತೆಯೇ ತಡೆಹಿಡಿಯಲ್ಪಟ್ಟವು ಎಂದು ತೋರಿಸಿದರು. ಆದರೆ ಆಕ್ಸಿನ್ ಒಂದೇ ಇದನ್ನೆಲ್ಲ ನಡೆಸುವುದಿಲ್ಲ. ಮುಖ್ಯವಾಗಿ ಬೇರಿನಿಂದ ಮೇಲೇರುವ ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನು ಮೊಗ್ಗನ್ನು ಎಬ್ಬಿಸುವ ಕಡೆ ಕೆಲಸ ಮಾಡುತ್ತದೆ. ಇದರ ಜೊತೆಗೆ, ಬೆಳೆಯುವ ತುದಿ ಎಲೆಗಳು ತಯಾರಿಸಿದ ಸಕ್ಕರೆಯನ್ನು ತನ್ನ ಕಡೆಗೆ ಎಳೆದುಕೊಳ್ಳುವುದರಿಂದ ಪಕ್ಕದ ಮೊಗ್ಗುಗಳಿಗೆ ಅದು ಸಾಲುವುದಿಲ್ಲ. ಬಟಾಣಿ ಗಿಡದ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಕುಡಿ ಕತ್ತರಿಸಿದಾಗ ಕೆಳಗಿನ ಮೊಗ್ಗುಗಳು ಎಚ್ಚರಗೊಳ್ಳಲು ಮೊದಲ ಸೂಚನೆ ಕೊಡುವುದು ಅಲ್ಲಿಗೆ ಬಂದು ತಲುಪುವ ಸಕ್ಕರೆ, ಆಕ್ಸಿನ್ ಇಳಿಕೆಯ ಪ್ರಭಾವ ಅಷ್ಟು ದೂರ ತಲುಪುವುದು ಆಮೇಲೆ ಎಂಬುದು ಕಂಡುಬಂತು.

ಕತ್ತರಿಸುವುದಕ್ಕೂ ಬಾಗಿಸುವುದಕ್ಕೂ ಇರುವ ವ್ಯತ್ಯಾಸವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕತ್ತರಿಸಿದಾಗ ತುದಿಯ ಹಿಡಿತ ಒಮ್ಮೆಲೇ ಕಳಚುತ್ತದೆ ನಿಜ, ಆದರೆ ಅದರೊಂದಿಗೆ ಎಲೆಗಳೂ ಕಾಂಡದಲ್ಲಿ ಶೇಖರವಾಗಿದ್ದ ಆಹಾರವೂ ಹೋಗುತ್ತವೆ. ಬೇರು ಮೊದಲಿನಷ್ಟೇ ದೊಡ್ಡದಾಗಿರುವುದರಿಂದ ಗಿಡ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಹಟ ಹಿಡಿದಂತೆ ಸೊಪ್ಪನ್ನೇ ಬೆಳೆಸುತ್ತದೆ, ಹೂವು ಹಿಂದೆ ಬೀಳುತ್ತದೆ. ಬಾಗಿಸಿದಾಗ ಎಲೆಗಳೆಲ್ಲ ಉಳಿದು ಸಕ್ಕರೆ ತಯಾರಿಸುತ್ತಲೇ ಇರುತ್ತವೆ, ಆದರೆ ತುದಿಯ ಬೆಳವಣಿಗೆ ನಿಧಾನಗೊಂಡು ಆ ಸಕ್ಕರೆ ಬೇರೆ ಮೊಗ್ಗುಗಳಿಗೆ ದೊರೆಯುತ್ತದೆ. ಗಿಡಕ್ಕೆ ಹೊಸ ಶಕ್ತಿಯೇನೂ ಬರುವುದಿಲ್ಲ. ಇದ್ದ ಶಕ್ತಿಯ ಹಂಚಿಕೆ ಬದಲಾಗುತ್ತದೆ, ಅಷ್ಟೆ. ಆದ್ದರಿಂದಲೇ ಬಡಕಲು ಗಿಡವನ್ನು ಬಾಗಿಸಿ ಫಸಲು ತೆಗೆಯುವ ಆಸೆ ಇಟ್ಟುಕೊಳ್ಳಬಾರದು ಎಂದು ನಾನು ಒತ್ತಿ ಹೇಳುತ್ತೇನೆ.

ಭೂಮಿಯ ಸೆಳೆತವನ್ನು ಗಿಡ ಗುರುತಿಸುವ ಬಗೆಯೂ ಇಲ್ಲಿ ಮುಖ್ಯ. ಕಾಂಡದ ಒಳಪದರದ ಕೆಲವು ಜೀವಕೋಶಗಳಲ್ಲಿ ಪಿಷ್ಟದ ಭಾರವಾದ ಕಣಗಳಿರುತ್ತವೆ. ಕೊಂಬೆ ಓರೆಯಾದ ಕೂಡಲೇ ಅವು ಜಾರಿ ಕೆಳಗಿನ ಗೋಡೆಯ ಮೇಲೆ ಕೂರುತ್ತವೆ, ಕೆಳಬದಿಯಲ್ಲಿ ಆಕ್ಸಿನ್ ಹೆಚ್ಚುತ್ತದೆ, ಆ ಬದಿ ಬೇಗ ಬೆಳೆದು ತುದಿ ಮೇಲಕ್ಕೆ ತಿರುಗುತ್ತದೆ. ಎಳೆಯ ಮೆದು ಗಿಡಗಳಲ್ಲಿ ಇದು ಕೆಲವೇ ಗಂಟೆಗಳಲ್ಲಿ ಕಾಣುತ್ತದೆ. ಬೆಳಿಗ್ಗೆ ಅಡ್ಡವಾಗಿ ಕಟ್ಟಿದ ಕುಡಿ ಸಂಜೆಯ ಹೊತ್ತಿಗೆ ತಲೆ ಎತ್ತಿರುವುದನ್ನು ನೀವೂ ನೋಡಿರಬಹುದು. ವೇರಿಂಗ್ ಮತ್ತು ನಸ್ರ್ ಎಂಬವರು 1961ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಣ್ಣಿನ ಗಿಡಗಳ ಕೊಂಬೆಗಳನ್ನು ಅಡ್ಡವಾಗಿರಿಸಿದಾಗ ಅವು ಉದ್ದಕ್ಕೆ ಬೆಳೆಯುವುದು ಕಡಿಮೆಯಾಗಿ, ಮೇಲುಬದಿಯ ಮೊಗ್ಗುಗಳು ಚಿಗುರಿದವು. ಇದಲ್ಲದೆ ಬಾಗಿದ ಕಾಂಡದಲ್ಲಿ ಎಥಿಲೀನ್ ಎಂಬ ಅನಿಲರೂಪದ ಹಾರ್ಮೋನು ಹೆಚ್ಚು ಉತ್ಪತ್ತಿಯಾಗುತ್ತದೆ. ಪದೇ ಪದೇ ಬಾಗಿಸಿದ ಅಥವಾ ಸವರಿದ ಕಾಂಡ ಉದ್ದಕ್ಕೆ ಕಡಿಮೆ ಬೆಳೆದು ದಪ್ಪಗಾಗುವುದನ್ನು ಜಾಫ್ ಎಂಬ ವಿಜ್ಞಾನಿ 1973ರಲ್ಲಿ ವಿವರಿಸಿದ್ದಾರೆ. ಕಟ್ಟಿದ ಕೊಂಬೆಯ ಬುಡ ಮೊದಲಿಗಿಂತ ಗಟ್ಟಿಯಾದಂತೆ ತೋರಿದರೆ ಅದು ಬರೀ ಭ್ರಮೆಯಲ್ಲ.

ಈಗ ಎಷ್ಟು ಬಾಗಿಸಬೇಕು ಎಂಬ ಪ್ರಶ್ನೆ. ನೆಟ್ಟಗೆ ನಿಂತ ಕೊಂಬೆಯನ್ನು ಸೊನ್ನೆ ಡಿಗ್ರಿ, ನೆಲಕ್ಕೆ ಸಮಾನಾಂತರವಾಗಿ ಮಲಗಿದ ಕೊಂಬೆಯನ್ನು 90 ಡಿಗ್ರಿ ಎಂದು ಇಟ್ಟುಕೊಳ್ಳೋಣ. 45ರಿಂದ 60 ಡಿಗ್ರಿಯಷ್ಟು ಓರೆಯಾಗಿರುವ ಕೊಂಬೆಯಲ್ಲಿ ತುದಿ ಇನ್ನೂ ಬೆಳೆಯುತ್ತಿರುತ್ತದೆ, ಆದರೆ ಉಳಿದ ಮೊಗ್ಗುಗಳನ್ನು ಪೂರ್ತಿ ತಡೆಯುವಷ್ಟು ಅದರ ಹಿಡಿತ ಇರುವುದಿಲ್ಲ. ಹೀಗಾಗಿ ಕೊಂಬೆಯುದ್ದಕ್ಕೂ ಹದವಾದ ಗಾತ್ರದ ಕವಲುಗಳು ಬರುತ್ತವೆ. ಗಿಡಕ್ಕೆ ಶಾಶ್ವತವಾದ ಚೌಕಟ್ಟು ಕಟ್ಟಿಕೊಡುವಾಗ ಈ ಕೋನವೇ ಉತ್ತಮ. 90 ಡಿಗ್ರಿಗೆ ತಂದರೆ ತುದಿ ಬಹಳ ನಿಧಾನವಾಗುತ್ತದೆ, ಹೂವಿನ ಕಡೆಗೆ ಒಲವು ಹೆಚ್ಚುತ್ತದೆ. ಆದರೆ ಗಿಡ ಜೋರಾಗಿದ್ದರೆ ಮೇಲುಬದಿಯಿಂದ, ಅದರಲ್ಲೂ ಬುಡದ ಹತ್ತಿರದಿಂದ, ಸೊಪ್ಪನ್ನೇ ಬೆಳೆಸುತ್ತ ಜೋರಾಗಿ ಮೇಲೇರುವ ನೆಟ್ಟನೆಯ ವಾಟರ್ ಶೂಟ್‌ಗಳು ಏಳುತ್ತವೆ. 90 ಡಿಗ್ರಿಯನ್ನೂ ಮೀರಿ ತುದಿಯನ್ನು ನೆಲದ ಕಡೆಗೆ ಇಳಿಸಿದರೆ ತುದಿಯ ಬೆಳವಣಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ, ಕೊಂಬೆ ಕೆಲವು ವರ್ಷ ಚೆನ್ನಾಗಿ ಕಾಯಿ ಕೊಟ್ಟು ನಂತರ ಸೊರಗುತ್ತದೆ. ಫ್ರಾನ್ಸಿನಲ್ಲಿ ಲೆಸ್ಪಿನಾಸ್ ಎಂಬ ತಜ್ಞರು ಸೇಬಿನ ತೋಟಗಳಿಗಾಗಿ ರೂಪಿಸಿದ ಸೊಲಾಕ್ಸ್ ಪದ್ಧತಿಯಲ್ಲಿ ಕಾಯಿ ಬಿಡುವ ಕೊಂಬೆಗಳನ್ನು ಬೇಕೆಂದೇ ಹೀಗೆ ಇಳಿಬಿಡುತ್ತಾರೆ. ಅದು ಬಲಿತು ನಿಂತ ಮರದ ಮಾತು, ಎರಡು ವರ್ಷದ ಗಿಡಕ್ಕೆ ಸಲ್ಲದು.

ಕೋನವನ್ನು ಎಲ್ಲ ಕೊಂಬೆಗಳಿಗೂ ಒಂದೇ ಅಳತೆಯಲ್ಲಿ ಕೊಡಬೇಕಾಗಿಲ್ಲ, ಕೊಡಲೂ ಬಾರದು. ಜೋರಾಗಿ ಬೆಳೆಯುವ ದಪ್ಪ ಕೊಂಬೆಯನ್ನು ಹೆಚ್ಚು ಬಾಗಿಸಿ, ಸಣ್ಣ ಕೊಂಬೆಯನ್ನು ಕಡಿಮೆ ಬಾಗಿಸಿ ಅಥವಾ ಹಾಗೆಯೇ ನೆಟ್ಟಗೆ ಬಿಡಿ. ಒಂದು ಬದಿಯ ಕೊಂಬೆ ಇನ್ನೊಂದನ್ನು ಮೀರಿಸಿ ಹೋಗುತ್ತಿದ್ದರೆ, ದೊಡ್ಡದನ್ನು ಕೆಳಗಿಳಿಸಿ ಚಿಕ್ಕದನ್ನು ಕೋಲಿನ ಆಸರೆಯಿಂದ ಮೇಲೆತ್ತಿದರೆ ಒಂದು ಬೆಳವಣಿಗೆಯ ಋತುವಿನಲ್ಲೇ ಎರಡೂ ಸಮಕ್ಕೆ ಬರುವುದುಂಟು. ಕತ್ತರಿಯಿಂದ ಇದನ್ನು ಸಾಧಿಸಲು ಇದಕ್ಕಿಂತ ಹೆಚ್ಚು ಕಾಲ ಬೇಕು.

ಕಮಾನಿನ ವಿಷಯಕ್ಕೆ ಮರಳಿದರೆ, ಕಮಾನಾಗಿ ಬಾಗಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ದ್ರಾಕ್ಷಿಯ ಉದ್ದನೆಯ ಕಡ್ಡಿಯಲ್ಲಿ ತುದಿಯ ಕಣ್ಣುಗಳು ಮೊದಲು ಒಡೆದು ನಡುವಿನವು ಹಿಂದುಳಿಯುವುದರಿಂದ, ನಡುವಿನ ಕಣ್ಣುಗಳೂ ಒಡೆಯಲಿ ಎಂದೇ ಕೆಲವು ಪದ್ಧತಿಗಳಲ್ಲಿ ಕಡ್ಡಿಯನ್ನು ಬಿಲ್ಲಿನಂತೆ ಬಾಗಿಸಿ ತಂತಿಗೆ ಕಟ್ಟುತ್ತಾರೆ. ಬಳ್ಳಿ ಗುಲಾಬಿಯಲ್ಲಿ ಉದ್ದನೆಯ ಕಡ್ಡಿಗಳನ್ನು ನೆಟ್ಟಗೆ ಬಿಟ್ಟರೆ ತುದಿಯಲ್ಲಷ್ಟೇ ಹೂವಾಗುತ್ತದೆ. ಅಡ್ಡವಾಗಿ ಹರಡಿ ಕಟ್ಟಿದರೆ ಪ್ರತಿ ಗೆಣ್ಣಿನಿಂದಲೂ ಗಿಡ್ಡನೆಯ ಹೂಗವಲು ಏಳುತ್ತದೆ. ಮಾರಾಟದ ಗುಲಾಬಿ ಬೆಳೆಯುವ ಹಸಿರುಮನೆಗಳಲ್ಲಿ ತೆಳುವಾದ ಕಡ್ಡಿಗಳನ್ನು ಬುಡದಲ್ಲೇ ಬಾಗಿಸಿ ಹೊರಗೆ ಚಾಚಿಬಿಡುತ್ತಾರೆ. ಅವುಗಳ ಎಲೆಗಳು ಸಕ್ಕರೆ ತಯಾರಿಸುವ ಕೆಲಸಕ್ಕೇ ಮೀಸಲಾಗುತ್ತವೆ, ಕೊಯ್ಯುವ ಹೂವು ಬರುವುದು ಬಾಗಿದ ಜಾಗದ ಹಿಂದಿನ ಮೊಗ್ಗುಗಳಿಂದ ಏಳುವ ನೆಟ್ಟನೆಯ ಕಡ್ಡಿಗಳಲ್ಲಿ. ಮೂರು ಕಡೆಯೂ ಎತ್ತರದ ಮೊಗ್ಗು ಯಾವುದಾಗಬೇಕು ಎಂಬುದನ್ನು ಬೆಳೆಗಾರ ಮೊದಲೇ ತೀರ್ಮಾನಿಸಿರುತ್ತಾನೆ. ನಿಮಗೆ ಕೊಂಬೆಯುದ್ದಕ್ಕೂ ಸಮನಾಗಿ ಚಿಗುರು ಬೇಕಾಗಿರುವುದರಿಂದ, ಕೊಂಬೆ ಬುಡದಿಂದಲೇ ಓರೆಯಾಗಿ, ನಡುವೆ ಬೆನ್ನು ಏಳದಂತೆ, ನೇರ ಗೆರೆಯಲ್ಲಿ ಇರಬೇಕು. ಅದಕ್ಕಾಗಿ ದಾರವನ್ನು ತುದಿಗೆ ಕಟ್ಟಬೇಡಿ. ಕೊಂಬೆಯ ಉದ್ದದ ಅರ್ಧಕ್ಕಿಂತ ಸ್ವಲ್ಪ ಆಚೆ ಕಟ್ಟಿ, ತುದಿಯ ಒಂದು ಗೇಣಿನಷ್ಟನ್ನು ಸ್ವತಂತ್ರವಾಗಿ ಮೇಲ್ಮುಖವಾಗಿರಲು ಬಿಡಿ. ತುಂಬ ಉದ್ದದ ಕೊಂಬೆಗೆ ಎರಡು ಕಡೆ ಕಟ್ಟಿದರೆ ಬೆನ್ನು ಏಳುವುದಿಲ್ಲ.

ಈಗಾಗಲೇ ಎದ್ದಿರುವ ದಪ್ಪ ಚಿಗುರನ್ನು ಏನು ಮಾಡಬೇಕು ಎಂದರೆ, ಅದರ ಜಾಗ ಗಿಡದ ಆಕಾರಕ್ಕೆ ಒಪ್ಪುವಂತಿದ್ದರೆ, ಬುಡ ಗಟ್ಟಿಯಾಗುವ ಮೊದಲು ಅದನ್ನೂ ಪಕ್ಕಕ್ಕೆ ಒರಗಿಸಿ ಕಟ್ಟಿ. ಒಪ್ಪದಿದ್ದರೆ ಎಳೆಯದಿರುವಾಗಲೇ ಹೆಬ್ಬೆರಳಿನಿಂದ ಬುಡಸಹಿತ ಒತ್ತಿ ಕಿತ್ತುಬಿಡಿ. ಕತ್ತರಿಯಿಂದ ಮೊಂಡಾಗಿ ಕತ್ತರಿಸಿದರೆ ಉಳಿದ ತುಂಡಿನ ಗೆಣ್ಣುಗಳಿಂದ ಮತ್ತೆ ಎರಡು ಮೂರು ಏಳುತ್ತವೆ.

ಕೊಂಬೆ ಸೀಳಿದ್ದು ಏಕೆ ಎಂಬುದಕ್ಕೆ ಬರುತ್ತೇನೆ. ಕಾಂಡಕ್ಕೆ ಅಂಟಿದಂತೆ ತೀರ ಇಕ್ಕಟ್ಟಾದ ಕೋನದಲ್ಲಿ ಹೊರಟ ಕೊಂಬೆಯ ಸಂದಿನಲ್ಲಿ ಎರಡೂ ಕಡೆಯ ತೊಗಟೆ ಒಳಗೆ ಮಡಿಸಿಕೊಂಡು ಸಿಕ್ಕಿಬಿದ್ದಿರುತ್ತದೆ, ಅಲ್ಲಿ ಕಟ್ಟಿಗೆ ಕಟ್ಟಿಗೆಗೆ ಬೆಸೆದಿರುವುದಿಲ್ಲ. ಹೊರಗಿನಿಂದ ನೋಡಿದರೆ ಸಂದಿನಲ್ಲಿ ಒಳಕ್ಕೆ ಸರಿದ ಕಪ್ಪು ಗೆರೆಯೊಂದು ಕಾಣುತ್ತದೆ. ಗಟ್ಟಿಯಾದ ಜೋಡಣೆ ಇರುವಲ್ಲಿ ತೊಗಟೆ ಹೊರಕ್ಕೆ ಉಬ್ಬಿ ಏಣಿನಂತೆ ನಿಂತಿರುತ್ತದೆ. ಕಪ್ಪು ಗೆರೆ ಕಂಡ ಕೊಂಬೆಯನ್ನು ತುದಿಯಿಂದ ಎಳೆದರೆ ಇಡೀ ಕೊಂಬೆ ಸನ್ನೆಕೋಲಾಗಿ ಆ ಸಂದಿನ ಮೇಲೆಯೇ ಭಾರ ಹಾಕುತ್ತದೆ. ಅಂಥದ್ದನ್ನು ಬಲಿತ ಮೇಲೆ ಬಾಗಿಸುವುದಕ್ಕಿಂತ ತೆಗೆದುಹಾಕುವುದೇ ಮೇಲು. ಮುಂದೆ ಹೀಗಾಗದಂತೆ ಮಾಡಲು ಸರಿಯಾದ ಕಾಲವೆಂದರೆ, ಹೊಸ ಚಿಗುರು 10ರಿಂದ 15 ಸೆಂಟಿಮೀಟರ್ ಉದ್ದವಿದ್ದು ಇನ್ನೂ ಹಸಿರಾಗಿರುವಾಗ. ಆಗ ಚಿಗುರಿನ ಮೇಲ್ಗಡೆ ಕಾಂಡಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ ಒಂದನ್ನು ಕಚ್ಚಿಸಿದರೆ ಅದರ ಹಿಡಿಯೇ ಚಿಗುರನ್ನು ಹೊರಕ್ಕೆ ತಳ್ಳಿ ಹಿಡಿಯುತ್ತದೆ. ಅಗಲವಾದ ಕೋನದಲ್ಲಿ ಬಲಿತ ಆ ಸಂದು ಮುಂದೆ ಕಾಯಿಯ ಭಾರವನ್ನೂ ತಡೆಯುತ್ತದೆ.

ಬಲಿಯಲು ಆರಂಭಿಸಿದ, ಪೆನ್ಸಿಲ್ ದಪ್ಪದ ಕೊಂಬೆಯನ್ನು ಬಾಗಿಸುವಾಗ ಎರಡೂ ಕೈ ಬೇಕು. ಒಂದು ಕೈಯಿಂದ ಸಂದನ್ನು ಬಿಗಿಯಾಗಿ ಹಿಡಿದು, ಹೆಬ್ಬೆರಳನ್ನು ಸಂದಿನ ಕೆಳಭಾಗಕ್ಕೆ ಆನಿಸಿ. ಇನ್ನೊಂದು ಕೈಯನ್ನು ಸಂದಿನಿಂದ ಒಂದು ಗೇಣು ದೂರದಲ್ಲಿಟ್ಟು ಕೊಂಬೆಯನ್ನು ಸ್ವಲ್ಪ ಕೆಳಗೆ ಒತ್ತಿ, ಬಿಟ್ಟು, ಮತ್ತೆ ಒತ್ತಿ. ನಾಲ್ಕಾರು ಸಲ ಹೀಗೆ ಮಾಡಿದ ಮೇಲೆ ಕೊಂಬೆ ಸಡಿಲಗೊಂಡದ್ದು ಕೈಗೇ ತಿಳಿಯುತ್ತದೆ. ಎಲ್ಲಿಯಾದರೂ ಸಣ್ಣ ಚಿಟಿಕೆಯ ಸದ್ದು ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಒಂದಿಷ್ಟು ಹಿಂದಕ್ಕೆ ಬಿಟ್ಟು ಕಟ್ಟಿ. ಉಳಿದ ಕೋನವನ್ನು ಒಂದೆರಡು ವಾರ ಬಿಟ್ಟು ಇಳಿಸಬಹುದು. ಬೆಳಗಿನ ಜಾವ ಮತ್ತು ನೀರು ಹಾಕಿದ ಕೂಡಲೇ ಮೆದುಕಾಂಡಗಳ ಜೀವಕೋಶಗಳು ನೀರು ತುಂಬಿ ಬಿಗಿಯಾಗಿದ್ದು ಫಟ್ಟನೆ ಮುರಿಯುತ್ತವೆ. ಮಧ್ಯಾಹ್ನದ ನಂತರ, ಗಿಡ ಬಾಡದೆ ಆದರೆ ಸ್ವಲ್ಪ ಸಡಿಲವಾಗಿರುವ ಹೊತ್ತು ಒಳ್ಳೆಯದು. ಗಟ್ಟಿ ಕಾಂಡದ ಗಿಡಗಳಲ್ಲಿ ದಿನದ ಹೊತ್ತಿಗಿಂತ ಋತು ಮುಖ್ಯ: ಗಿಡ ಚುರುಕಾಗಿ ಬೆಳೆಯುವ ಕಾಲದಲ್ಲಿ ಕೊಂಬೆ ಬಾಗುತ್ತದೆ, ವಿಶ್ರಾಂತಿಯಲ್ಲಿರುವಾಗ ಒರಟಾಗಿರುತ್ತದೆ.

ಸೀಳಿದ ಕೊಂಬೆಯ ತೊಗಟೆ ಒಂದು ಬದಿಯಲ್ಲಾದರೂ ಅಖಂಡವಾಗಿ ಉಳಿದಿದ್ದು ಎಲೆಗಳು ಬಾಡಿರದಿದ್ದರೆ ಅದನ್ನು ಉಳಿಸಿಕೊಳ್ಳಲು ಸಾಧ್ಯ. ಇದನ್ನು ಅದೇ ದಿನ ಮಾಡಬೇಕು, ಸೀಳು ಒಣಗಿದರೆ ಕೂಡುವುದಿಲ್ಲ. ಕೊಂಬೆಯನ್ನು ಮೊದಲಿನ ಸ್ಥಾನಕ್ಕೆ ಎತ್ತಿ, ಸೀಳಿನ ಎರಡೂ ಮುಖಗಳು ನಡುವೆ ಏನೂ ಸಿಲುಕದಂತೆ ಕೂಡಿಸಿ, ಕಸಿ ಕಟ್ಟುವ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಹೊರಗಿನಿಂದ ಒಂದು ದಬ್ಬೆಯ ಆಸರೆ ಕೊಡಿ. ಆ ಋತುವಿನಲ್ಲಿ ಅದನ್ನು ಮತ್ತೆ ಬಾಗಿಸಬೇಡಿ.

ಕುಂಡದ ಗಿಡವಾದ್ದರಿಂದ ಇನ್ನೊಂದು ಎಚ್ಚರಿಕೆ ಬೇಕು. ಕೊಂಬೆಯನ್ನು ಒಂದು ಕಡೆಗೆ ಎಳೆದಾಗ ಇಡೀ ಗಿಡ ಆ ಕಡೆಗೆ ವಾಲಿ, ಎದುರು ಬದಿಯ ಬೇರುಗಳು ಮಣ್ಣಿನಿಂದ ಮೇಲೇಳುತ್ತವೆ. ಆದ್ದರಿಂದ ಮೊದಲು ಕಾಂಡದ ಬುಡವನ್ನು ಎದುರು ದಿಕ್ಕಿನ ಅಂಚಿಗೆ ಅಥವಾ ಆಳವಾಗಿ ಊರಿದ ಗೂಟಕ್ಕೆ ಕಟ್ಟಿ ಭದ್ರಪಡಿಸಿ, ಆಮೇಲೆ ಕೊಂಬೆಗೆ ಕೈ ಹಾಕಿ. ಕೊಂಬೆಗಳನ್ನು ಸುತ್ತಲೂ ಬೇರೆ ಬೇರೆ ದಿಕ್ಕಿಗೆ ಎಳೆದು ಕಟ್ಟಿದರೆ ಎಳೆತಗಳು ಒಂದನ್ನೊಂದು ಸರಿದೂಗಿಸುತ್ತವೆ, ಗಿಡದ ನಡುವಿಗೆ ಬೆಳಕೂ ಇಳಿಯುತ್ತದೆ. ಅಂಚಿನಲ್ಲಿ ರಂಧ್ರಗಳಿಲ್ಲದ ಕುಂಡವಾದರೆ ಅಂಚಿನ ಕೆಳಗೆ ಸುತ್ತಲೂ ಒಂದು ದಪ್ಪ ತಂತಿಯ ಬಳೆ ಬಿಗಿದು ಅದಕ್ಕೆ ದಾರಗಳನ್ನು ಕಟ್ಟಬಹುದು.

ದಾರದ ಆಯ್ಕೆ ಕ್ಷುಲ್ಲಕವೆನಿಸಬಹುದು, ಆದರೆ ಬಾಗಿಸಿದ ಕೊಂಬೆಗಳು ಸಾಯುವುದಕ್ಕೆ ಮುರಿತದಷ್ಟೇ ಸಾಮಾನ್ಯ ಕಾರಣ ದಾರ. ಎಲೆಗಳಿಂದ ಆಹಾರ ಕೆಳಗಿಳಿಯುವ ನಾಳಗಳು ತೊಗಟೆಯ ಒಳಮೈಯಲ್ಲೇ ಇರುತ್ತವೆ. ಕೊಂಬೆ ದಪ್ಪವಾದಂತೆ ದಾರ ಒಳಗೆ ಹುಗಿದರೆ ಅವು ಕಡಿದುಹೋಗುತ್ತವೆ, ದಾರದ ಮೇಲ್ಭಾಗ ಊದಿಕೊಂಡು ಕೆಳಭಾಗ ಸೊರಗುತ್ತದೆ. ನೈಲಾನ್ ಎಳೆ, ಬರಿಯ ತಂತಿ ಬೇಡ. ಎರಡು ಬೆರಳು ಅಗಲದ ಹಳೆಯ ಹತ್ತಿ ಬಟ್ಟೆಯ ಪಟ್ಟಿ ಅಥವಾ ದಪ್ಪನೆಯ ಸೆಣಬಿನ ಹುರಿ ಸಾಕು. ಎಳೆದಷ್ಟೂ ಬಿಗಿಯುವ ಸರಗುಣಿಕೆಯನ್ನು ಎಂದೂ ಹಾಕಬಾರದು. ಕೊಂಬೆಯ ಸುತ್ತ ಕಿರುಬೆರಳು ಸಲೀಸಾಗಿ ತೂರುವಷ್ಟು ದೊಡ್ಡ ಕುಣಿಕೆ ಬಿಟ್ಟು, ಜಾರದ ಗಂಟು ಹಾಕಿ. ಎರಡು ಮೂರು ವಾರಕ್ಕೊಮ್ಮೆ ಗಂಟುಗಳನ್ನು ನೋಡಿ, ತೊಗಟೆಯಲ್ಲಿ ಗುರುತು ಬೀಳುತ್ತಿದ್ದರೆ ಅಲ್ಲಿಂದ ಎರಡು ಅಂಗುಲ ಸರಿಸಿ ಕಟ್ಟಿ.

ನಿಮ್ಮ ಗಿಡ ಸೀಬೆಯಾಗಿರುವುದು ಒಂದು ಅನುಕೂಲ. ಸೀಬೆ ಹೂ ಬಿಡುವುದು ಹೊಸದಾಗಿ ಬಂದ ಚಿಗುರಿನ ಎಲೆಗಳ ಬುಡದಲ್ಲಿ, ಆದ್ದರಿಂದ ಎಷ್ಟು ಹೊಸ ಚಿಗುರೋ ಅಷ್ಟು ಹೂವಿನ ಅವಕಾಶ. ಸೀಬೆ ಬೆಳೆಗಾರರು ಕೊಂಬೆ ಬಾಗಿಸುವಾಗ ತುದಿಯ 10ರಿಂದ 12 ಜೊತೆ ಎಲೆಗಳನ್ನು ಉಳಿಸಿ, ಅದಕ್ಕಿಂತ ಹಿಂದಿನ ಎಲೆ, ಹೂವು, ಮಿಡಿಗಳನ್ನು ತೆಗೆಯುವ ರೂಢಿ ಇದೆ. ಎಲೆ ತೆಗೆದ ಗೆಣ್ಣುಗಳ ಮೊಗ್ಗಿಗೆ ಬೆಳಕು ಬೀಳುತ್ತದೆ, ತುದಿಯ ಎಲೆಗಳು ಅವುಗಳಿಗೆ ಆಹಾರ ಒದಗಿಸುತ್ತವೆ. ನಿಮ್ಮದು ಎಳೆಯ ಗಿಡವಾದ್ದರಿಂದ ಎಲ್ಲ ಕೊಂಬೆಗಳಲ್ಲೂ ಇದನ್ನು ಒಮ್ಮೆಲೇ ಮಾಡದೆ, ಅರ್ಧದಷ್ಟು ಕೊಂಬೆಗಳಲ್ಲಿ ಮಾತ್ರ ಮಾಡಿ ನೋಡುವುದು ಲೇಸು. ಸೇಬಿನಂಥ ಗಿಡಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಮುಂದಿನ ವರ್ಷದ ಹೂಮೊಗ್ಗು ಹಿಂದಿನ ಬೇಸಿಗೆಯಲ್ಲೇ ರೂಪುಗೊಳ್ಳುವುದರಿಂದ, ಇಂದು ಬಾಗಿಸಿದ್ದರ ಫಲ ಕಾಣಲು ಮುಂದಿನ ವರ್ಷದವರೆಗೆ ಕಾಯಬೇಕು.

ಎಷ್ಟು ಕಾಲ ಕಟ್ಟಿರಬೇಕು ಎಂಬುದನ್ನು ಕ್ಯಾಲೆಂಡರ್ ನೋಡಿ ಹೇಳಲಾಗದು, ಕೊಂಬೆಯನ್ನೇ ಕೇಳಬೇಕು. ಬಾಗಿದ ಕೊಂಬೆ ತನ್ನನ್ನು ಮತ್ತೆ ಎತ್ತಿಕೊಳ್ಳಲು ಮೇಲುಬದಿಯಲ್ಲಿ ಎಳೆದು ಹಿಡಿಯುವ ವಿಶೇಷ ಕಟ್ಟಿಗೆಯನ್ನು ಬೆಳೆಸುತ್ತದೆ. ಪೈನ್‌ನಂಥ ಸೂಜಿ ಎಲೆಯ ಮರಗಳಲ್ಲಾದರೆ ಕೆಳಬದಿಯಿಂದ ಮೇಲಕ್ಕೆ ತಳ್ಳುವ ಕಟ್ಟಿಗೆ ಬೆಳೆಯುತ್ತದೆ. ಬೇಗನೆ ಬಿಚ್ಚಿದರೆ ಕೊಂಬೆ ಮೇಲೇಳುವುದು ಈ ಕಾರಣಕ್ಕೆ. ಬಾಗಿದ ಸ್ಥಿತಿಯಲ್ಲೇ ಸಾಕಷ್ಟು ಹೊಸ ಕಟ್ಟಿಗೆ ಕೂಡಿದ ಮೇಲೆ ಅದು ಅಲ್ಲಿಯೇ ನಿಲ್ಲುತ್ತದೆ. ಗಟ್ಟಿ ಕಾಂಡದ ಗಿಡಗಳಿಗೆ ಸಾಮಾನ್ಯವಾಗಿ ಒಂದು ಪೂರ್ತಿ ಬೆಳವಣಿಗೆಯ ಋತು ಬೇಕಾಗುತ್ತದೆ. ಒಂದು ದಾರವನ್ನು ಬಿಚ್ಚಿ ಮರುದಿನ ನೋಡಿ, ಕೊಂಬೆ ಎರಡು ಬೆರಳಿಗಿಂತ ಹೆಚ್ಚು ಎದ್ದಿದ್ದರೆ ಮತ್ತೆ ಕಟ್ಟಿ.

ಯಾವ ಗಿಡಗಳಿಗೆ ಹೊಂದುತ್ತದೆ ಎಂಬ ಕೊನೆಯ ಪ್ರಶ್ನೆಗೆ, ಗೆಣ್ಣುಗಳಲ್ಲಿ ಚಿಗುರಬಲ್ಲ ಮೊಗ್ಗುಗಳಿದ್ದು ಕಾಂಡ ಬಾಗಬಲ್ಲ ಎಲ್ಲ ಗಿಡಗಳಿಗೂ ಎನ್ನಬಹುದು: ಸೀಬೆ, ಅಂಜೂರ, ಸೇಬು, ಗುಲಾಬಿ, ಬೋಗನ್‌ವಿಲ್ಲಾ, ದ್ರಾಕ್ಷಿ. ನಿಂಬೆಯ ಜಾತಿಯಲ್ಲಿ ಬಾಗಿದ ಕೊಂಬೆಯ ಬೆನ್ನಿನಿಂದ ವಾಟರ್ ಶೂಟ್‌ಗಳು ಏಳುವುದು ಹೆಚ್ಚು, ಅವುಗಳನ್ನು ಎಳೆಯದರಲ್ಲೇ ಉದುರಿಸುವ ತಾಳ್ಮೆ ಇದ್ದರೆ ಮಾತ್ರ ಕೈ ಹಾಕಿ. ಮೆಣಸಿನಕಾಯಿ ಗಿಡದ ಕವಲು ಬಹಳ ಪೆಡಸು, ಅಲ್ಲಿ ಕುಡಿ ಚಿವುಟುವುದೇ ವಾಸಿ. ತೆಂಗು, ಅಡಿಕೆಯಂಥ ಒಂದೇ ಸುಳಿಯ ಮರಗಳಿಗೆ ಇದು ಸಲ್ಲದು. ಯಾವ ಗಿಡವೇ ಆಗಲಿ, ಕುಂಡ ಬದಲಿಸಿದ ಹೊಸದರಲ್ಲಿ, ನೀರಿನ ಕೊರತೆಯಲ್ಲಿ ಅಥವಾ ರೋಗದಿಂದ ಎಲೆ ಉದುರಿದಾಗ ಬಾಗಿಸಬೇಡಿ. ಬಾಗಿಸಿದ ಮೇಲೆ, ಅದುವರೆಗೆ ಎಲೆಗಳ ನೆರಳಿನಲ್ಲಿದ್ದ ತೊಗಟೆಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬಡಿದು ಸುಡುವ ಸಂಭವವಿದೆ. ಎಲೆ ತೆಗೆದ ಕೊಂಬೆಗಳ ಮೇಲುಬದಿಗೆ ತೆಳುವಾಗಿ ಸುಣ್ಣ ಬಳಿದರೆ, ಮೊಗ್ಗುಗಳನ್ನು ಮಾತ್ರ ಬಿಟ್ಟು, ಹೊಸ ಎಲೆಗಳು ನೆರಳು ಕೊಡುವವರೆಗೆ ಅದು ತೊಗಟೆಯನ್ನು ಕಾಪಾಡುತ್ತದೆ.